ಪೆಡಲನ್ನು ಚಕ್ರದಿಂದ ಬಿಡಿಸಿದ ಜಾನ್ ಕೆಂಪ್ ಸ್ಟಾರ್ಲಿ

ಕಳೆದ ಸೆಮಿಸ್ಟರಿನಲ್ಲಿ ನಮ್ಮ ಹಾಸ್ಟೆಲ್ ಗುಂಪಿನ ರೋಡ್ ಸೈಕಲ್ಲು ಪೆಡಲ್ ತುಳಿದಾಗಲೆಲ್ಲ ಕಟಕಟ ಅನ್ನೋಕೆ ಶುರು ಮಾಡಿತು. ಕ್ರ್ಯಾಂಕ್ ಹಿಡಿದು ನೋಡಿದರೆ ಪಕ್ಕಕ್ಕೆ ಅಲ್ಲಾಡುತ್ತಿತ್ತು. ಬಾಟಮ್ ಬ್ರಾಕೆಟ್, ಅಂಗಡಿಯವರ ಮಾತಲ್ಲಿ ಬಿ.ಬಿ., ಹೋಗಿತ್ತು. ನಾವೋ ಭಾವಿ ಎಂಜಿನಿಯರುಗಳು! ಅಳತೆ ತೆಗೆಯದೆ, ಬೆಲೆ ಮಾತ್ರ ನೋಡಿ ಆನ್‌ಲೈನಿನಲ್ಲಿ ಒಂದನ್ನು ತರಿಸಿದೆವು. ಬಂದದ್ದು ಇಟಾಲಿಯನ್ ಥ್ರೆಡ್ಡಿನದು, 36 ಮಿ.ಮೀ. ನಮ್ಮ ಫ್ರೇಮಿನದು ಇಂಗ್ಲಿಷ್ ಥ್ರೆಡ್, 1.37 ಇಂಚು, ಅಂದರೆ ಸುಮಾರು 34.8 ಮಿ.ಮೀ. ಒಳಗೆ ಹೋಗಲೇ ಇಲ್ಲ.

ದುಡ್ಡೂ ಹೋಯ್ತು, ಭಾನುವಾರದ ಸವಾರಿಯೂ ಹೋಯ್ತು. ಮೂಲೆಯಲ್ಲಿ ನಿಂತ ಸೈಕಲ್ಲನ್ನು ನೋಡುತ್ತಾ ನಮಗೊಂದು ಪ್ರಶ್ನೆ ಬಂತು. ನಾವು ತುಳಿಯುವ ಬಲವೆಲ್ಲ ಹಾದುಹೋಗುವ ಈ ಅಚ್ಚನ್ನು ಎರಡು ಚಕ್ರಗಳ ನಡುವೆ ಇರಿಸಿ, ಜಗತ್ತೇ ಒಪ್ಪುವಂತೆ ಮಾಡಿದ್ದು ಯಾರು? ಹುಡುಕಿದಾಗ ಸಿಕ್ಕ ಹೆಸರು ಜಾನ್ ಕೆಂಪ್ ಸ್ಟಾರ್ಲಿ.

ಸ್ಟಾರ್ಲಿ ಹುಟ್ಟಿದ್ದು ಲಂಡನ್ ಪಕ್ಕದ ವಾಲ್ತಮ್‌ಸ್ಟೋದಲ್ಲಿ. ತಂದೆ ತೋಟಗಾರ. ನಾವು ಪಿಯುಸಿ ಮುಗಿಸೋ ವಯಸ್ಸಿನಲ್ಲಿ, 1872ರಲ್ಲಿ, ಅವರು ಕೊವೆಂಟ್ರಿಯಲ್ಲಿದ್ದ ಚಿಕ್ಕಪ್ಪ ಜೇಮ್ಸ್ ಸ್ಟಾರ್ಲಿ ಅವರ ಬಳಿ ಕೆಲಸಕ್ಕೆ ಸೇರಿದರು. ಚಿಕ್ಕಪ್ಪನೂ ಮೊದಲು ತೋಟಗಾರರೇ. ಆಮೇಲೆ ಹೊಲಿಗೆ ಯಂತ್ರಕ್ಕೆ ಬಂದು, ಅಲ್ಲಿಂದ ಸೈಕಲ್ಲಿಗೆ ಬಂದವರು. ಅವರು ವಿಲಿಯಂ ಹಿಲ್‌ಮನ್ ಜೊತೆ ಸೇರಿ ಏರಿಯಲ್ ಎಂಬ ಎತ್ತರದ ಚಕ್ರದ ಸೈಕಲ್ ಮಾಡುತ್ತಿದ್ದರು. ಹುಡುಗ ಕೆಲಸ ಕಲಿತದ್ದು ಇವರಿಬ್ಬರ ಕೈಕೆಳಗೆ.

ಆ ಎತ್ತರದ ಸೈಕಲ್ ಚಿತ್ರವನ್ನು ನೀವೂ ನೋಡಿರುತ್ತೀರಿ. ಮುಂದೆ ದೈತ್ಯ ಚಕ್ರ, ಹಿಂದೆ ಪುಟಾಣಿ ಚಕ್ರ. ಅಷ್ಟು ದೊಡ್ಡದು ಯಾಕೆ ಗೊತ್ತಾ? ಪೆಡಲ್ ನೇರವಾಗಿ ಮುಂದಿನ ಚಕ್ರದ ಅಚ್ಚಿಗೇ ಇರುತ್ತಿತ್ತು. ಒಂದು ಸುತ್ತು ತುಳಿದರೆ ಚಕ್ರವೂ ಒಂದೇ ಸುತ್ತು. 54 ಇಂಚಿನ ಚಕ್ರವಾದರೆ ಒಂದು ತುಳಿತಕ್ಕೆ ಸುಮಾರು 4.3 ಮೀಟರ್. ಇನ್ನೂ ವೇಗ ಬೇಕಾದರೆ ಇನ್ನೂ ದೊಡ್ಡ ಚಕ್ರ, ಅದಕ್ಕೆ ಇನ್ನೂ ಉದ್ದದ ಕಾಲು! ದಾರಿಯಲ್ಲಿ ಒಂದು ಕಲ್ಲು ಸಿಕ್ಕರೆ ಸವಾರ ಹ್ಯಾಂಡಲ್ ಮೇಲಿಂದ ತಲೆಕೆಳಗಾಗಿ ಬೀಳುತ್ತಿದ್ದ. ಹಾಗಾಗಿ ಅದು ಗಟ್ಟಿಮುಟ್ಟಾದ, ಎದೆಗಾರಿಕೆಯ ಗಂಡಸರ ಆಟವಾಗಿಯೇ ಉಳಿದಿತ್ತು.

1870ರ ದಶಕದ ಕೊನೆಗೆ ಸ್ಟಾರ್ಲಿಯವರು ವಿಲಿಯಂ ಸಟನ್ ಜೊತೆ ಸ್ವಂತ ಕಾರ್ಖಾನೆ ಶುರು ಮಾಡಿದರು. ಮೊದಲು ಮಾಡಿದ್ದು ಮೂರು ಚಕ್ರದ ಗಾಡಿಗಳು. 1885ರಲ್ಲಿ ಬಂತು ರೋವರ್ ಸೇಫ್ಟಿ. ಇದರಲ್ಲಿ ಪೆಡಲ್ ಚಕ್ರವನ್ನು ಬಿಟ್ಟು ಫ್ರೇಮಿಗೆ ಬಂತು. ಸವಾರನ ಕಾಲ ಕೆಳಗೇ ಅದಕ್ಕೊಂದು ಬೇರೆ ಅಚ್ಚು, ಅಲ್ಲಿಂದ ಹಿಂದಿನ ಚಕ್ರಕ್ಕೆ ಚೈನು. ಈಗ 27 ಇಂಚಿನ ಚಕ್ರ ಹಾಕಿ, ಮುಂದಿನ ಹಲ್ಲುಚಕ್ರಕ್ಕೆ ಹಿಂದಿನದರ ಎರಡರಷ್ಟು ಹಲ್ಲು ಕೊಟ್ಟರೆ ಅದೇ 4.3 ಮೀಟರ್ ಸಿಕ್ಕಿತು. ವೇಗ ಉಳೀತು, ಎತ್ತರ ಇಳೀತು.

ಹಾಗಂತ ಹಿಂದಿನ ಚಕ್ರಕ್ಕೆ ಚೈನು ಹಾಕಿದವರಲ್ಲಿ ಸ್ಟಾರ್ಲಿಯೇ ಮೊದಲಿಗರಲ್ಲ. ಹೆನ್ರಿ ಲಾಸನ್ 1879ರಲ್ಲೇ ಅಂಥದ್ದೊಂದನ್ನು ಮಾಡಿದ್ದರು, ಅದು ಓಡಲಿಲ್ಲ. ಸ್ಟಾರ್ಲಿಯವರ ಮೊದಲ ಮಾದರಿಯೂ ಸರಿಯಿರಲಿಲ್ಲ. ಮುಂದಿನ ಚಕ್ರ 36 ಇಂಚು, ಹ್ಯಾಂಡಲ್ ನೇರವಾಗಿ ಫೋರ್ಕಿಗೆ ಸೇರದೆ ಸರಳುಗಳ ಮೂಲಕ ತಿರುಗುತ್ತಿತ್ತು. ಅದನ್ನು ಬೇಗನೆ ಬದಲಿಸಿದರು. ಅದೇ ವರ್ಷ 100 ಮೈಲಿಯ ಓಟದಲ್ಲಿ ಜಾರ್ಜ್ ಸ್ಮಿತ್ ಎಂಬ ಸವಾರ ರೋವರ್ ಮೇಲೆ ಏಳು ಗಂಟೆ ಚಿಲ್ಲರೆಯಲ್ಲಿ ಗುರಿ ಮುಟ್ಟಿ ದಾಖಲೆ ಬರೆದರು. ಕುಳ್ಳ ಸೈಕಲ್ಲು ನಿಧಾನ ಅನ್ನೋ ಮಾತಿಗೆ ಅಲ್ಲೇ ಉತ್ತರ ಸಿಕ್ಕಿತು. 1888ರಲ್ಲಿ ಡನ್‌ಲಪ್ ಅವರ ಗಾಳಿ ತುಂಬಿದ ಟೈರ್ ಬಂದ ಮೇಲೆ ಎತ್ತರದ ಚಕ್ರದ ಕಾಲವೇ ಮುಗೀತು. ಹೆಂಗಸರು, ವಯಸ್ಸಾದವರು, ಕೆಲಸಕ್ಕೆ ಹೋಗುವವರು ಎಲ್ಲರೂ ಸೈಕಲ್ ಹತ್ತಿದರು. ಪೋಲಿಷ್ ಭಾಷೆಯಲ್ಲಿ ಸೈಕಲ್ಲಿಗೆ ಇಂದಿಗೂ ರೋವರ್ ಅಂತಲೇ ಹೆಸರು.

1898ರಲ್ಲಿ ಲಂಡನ್ನಿನ ಸೊಸೈಟಿ ಆಫ್ ಆರ್ಟ್ಸ್‌ನಲ್ಲಿ ಸ್ಟಾರ್ಲಿಯವರು ತಮ್ಮ ವಿನ್ಯಾಸದ ಬಗ್ಗೆ ಮಾತಾಡಿದರು. ಸವಾರ ನೆಲದಿಂದ ಎಷ್ಟು ಎತ್ತರದಲ್ಲಿರಬೇಕು, ಪೆಡಲಿಗೆ ಸೀಟು ಎಲ್ಲಿರಬೇಕು, ಹ್ಯಾಂಡಲ್ ಎಲ್ಲಿ ಸಿಗಬೇಕು, ಗೇರನ್ನು ಹೇಗೆ ಬದಲಿಸಿಕೊಳ್ಳಬಹುದು, ಇವೇ ಅವರು ಕೇಳಿಕೊಂಡಿದ್ದ ಪ್ರಶ್ನೆಗಳು. ಮೊದಲು ಮನುಷ್ಯನ ಅಳತೆ, ಆಮೇಲೆ ಯಂತ್ರ.

ಅವರ ಯೋಚನೆ ಸೈಕಲ್ಲಿಗೇ ನಿಲ್ಲಲಿಲ್ಲ. 1888ರಲ್ಲಿ ಬ್ಯಾಟರಿಯಿಂದ ಓಡುವ ಮೂರು ಚಕ್ರದ ಗಾಡಿ ಮಾಡಿದ್ದರು! ಆಗ ಇಂಗ್ಲೆಂಡಿನ ರಸ್ತೆಗಳಲ್ಲಿ ಯಂತ್ರದ ವಾಹನಗಳು ಗಂಟೆಗೆ 4 ಮೈಲಿ ಮೀರುವಂತಿರಲಿಲ್ಲ. ಹಾಗಾಗಿ ಅದನ್ನು ಫ್ರಾನ್ಸಿಗೆ ಒಯ್ದು ಓಡಿಸಿ ನೋಡಿದರು. ಮಾರಾಟಕ್ಕೆ ಮಾತ್ರ ಅದು ಬರಲೇ ಇಲ್ಲ. 1901ರ ಅಕ್ಟೋಬರಿನಲ್ಲಿ ಸ್ಟಾರ್ಲಿಯವರು ಹಠಾತ್ತನೆ ತೀರಿಕೊಂಡರು. ಇನ್ನೂ ಐವತ್ತಾಗಿರಲಿಲ್ಲ. ಅವರ ರೋವರ್ ಕಂಪನಿ ಮೋಟಾರ್ ಸೈಕಲ್ ತಂದದ್ದು 1902ರಲ್ಲಿ, ಕಾರು 1904ರಲ್ಲಿ. ಎರಡನ್ನೂ ಅವರು ನೋಡಲಿಲ್ಲ. ಮುಂದೆ ಇದೇ ಕಂಪನಿಯಿಂದ ಹುಟ್ಟಿದ ಲ್ಯಾಂಡ್ ರೋವರ್ 2008ರಲ್ಲಿ ನಮ್ಮ ಟಾಟಾ ಮೋಟಾರ್ಸ್ ಕೈ ಸೇರಿತು.

ಇಷ್ಟು ತಿಳಿದ ಮೇಲೆ ನಾವೂ ಅಳತೆಯಿಂದಲೇ ಶುರು ಮಾಡಿದೆವು. ವರ್ನಿಯರ್ ಹಿಡಿದು ಫ್ರೇಮಿನ ಬಿ.ಬಿ. ಕೊಳವೆಯ ಅಗಲ ನೋಡಿದೆವು, 68 ಮಿ.ಮೀ. ಇಟಾಲಿಯನ್ ಆಗಿದ್ದರೆ 70 ಇರುತ್ತಿತ್ತು. ಥ್ರೆಡ್ ನೋಡಿದೆವು. ನಮ್ಮ ಕ್ರ್ಯಾಂಕಿನದು ಚೌಕ ತುದಿಯ ಅಚ್ಚು, ಹಾಗಾಗಿ ಹಳೆಯದರ ಉದ್ದವನ್ನೂ ಬರೆದುಕೊಂಡೆವು. ಉದ್ದ ತಪ್ಪಿದರೆ ಚೈನು ನೇರ ಕೂರಲ್ಲ. ಇದೆಲ್ಲ ಹೊಂದುವುದನ್ನು ಆರಿಸಿ, ಬೆಲೆಯನ್ನು ಕೊನೆಗೆ ನೋಡಿದೆವು.

ನೀವೂ ಹಾಕುವಾಗ ಒಂದು ನೆನಪಿಡಿ. ಇಂಗ್ಲಿಷ್ ಥ್ರೆಡ್ಡಿನಲ್ಲಿ ಚೈನಿನ ಕಡೆಯ ಕಪ್ಪು ಉಲ್ಟಾ ಥ್ರೆಡ್, ತುಳಿಯುವಾಗ ತಾನಾಗೇ ಸಡಿಲ ಆಗದಿರಲಿ ಅಂತ. ನಾವು ಅದನ್ನೂ ಮೊದಲು ತಪ್ಪು ಕಡೆಗೇ ತಿರುಗಿಸಿದ್ದೆವು. ಈಗ ಸೈಕಲ್ಲು ಸದ್ದಿಲ್ಲದೆ ಓಡ್ತಾ ಇದೆ.