ಪಾಠದ ಗುರಿ ಬರೆದಿಟ್ಟ ಡಾ. ಝಾಕಿರ್ ಹುಸೇನ್

ಡಾ. ಝಾಕಿರ್ ಹುಸೇನ್ ಎಂದೊಡನೆ ನಿಮಗೆ ನೆನಪಾಗುವುದು ದೇಶದ ಮೂರನೇ ರಾಷ್ಟ್ರಪತಿ. ಸಾಮಾನ್ಯ ಜ್ಞಾನದ ಪುಸ್ತಕಗಳೂ ಅಷ್ಟನ್ನೇ ಹೇಳಿ ಮುಗಿಸುತ್ತವೆ. ಆದರೆ ಮರ್ಹೂಂ ಝಾಕಿರ್ ಸಾಹೇಬರು ತಮ್ಮ ಬಾಳಿನ ಬಹುಪಾಲನ್ನು ಕಳೆದದ್ದು ಶಿಕ್ಷಣ ಸಂಸ್ಥೆಗಳಲ್ಲಿ. ನೀವು ಶಿಕ್ಷಕರಾಗಿದ್ದರೆ, ಅಥವಾ ನಾಳೆ ಶಿಕ್ಷಕರಾಗುವವರಿದ್ದರೆ, ಆ ಭಾಗವನ್ನೇ ತಿಳಿಯಬೇಕು.

ಅವರು 1897ರ ಫೆಬ್ರವರಿ 8ರಂದು ಹೈದರಾಬಾದಿನಲ್ಲಿ ಹುಟ್ಟಿದರು. ಹತ್ತರ ಪ್ರಾಯದಲ್ಲಿ ತಂದೆ ತೀರಿಕೊಂಡರು; 1911ರಲ್ಲಿ ಪ್ಲೇಗು ತಾಯಿಯನ್ನೂ ಕೊಂಡೊಯ್ದಿತು. ಇಟಾವಾದ ಶಾಲೆ, ಆಮೇಲೆ ಅಲಿಗಢ. 1920ರಲ್ಲಿ ಅಸಹಕಾರ ಚಳವಳಿಯ ಕರೆಗೆ ಓಗೊಟ್ಟು ಅಲಿಗಢದ ಕಾಲೇಜು ಬಿಟ್ಟು, ಜಾಮಿಯಾ ಮಿಲ್ಲಿಯಾ ಕಟ್ಟಿದವರಲ್ಲಿ ಒಬ್ಬರಾದರು. ಬರ್ಲಿನ್‌ನಲ್ಲಿ ಡಾಕ್ಟರೇಟ್ ಪಡೆದು 1926ರಲ್ಲಿ ಮರಳುವಾಗ ಜಾಮಿಯಾ ಮುಚ್ಚುವ ಸ್ಥಿತಿಯಲ್ಲಿತ್ತು. ತಿಂಗಳಿಗೆ 150 ರೂಪಾಯಿಗಿಂತ ಹೆಚ್ಚು ಸಂಬಳ ಪಡೆಯದೆ 20 ವರ್ಷ ದುಡಿಯುತ್ತೇವೆಂದು ಅವರೂ ಸಂಗಡಿಗರೂ ಪ್ರತಿಜ್ಞೆ ಮಾಡಿದರು. 1935ರಲ್ಲಿ ಓಖ್ಲಾದಲ್ಲಿ ಹೊಸ ಕಟ್ಟಡದ ಶಿಲಾನ್ಯಾಸವನ್ನು ಯಾವ ನಾಯಕರ ಕೈಯಿಂದಲೂ ಮಾಡಿಸದೆ ಶಾಲೆಯ ಅತಿ ಕಿರಿಯ ವಿದ್ಯಾರ್ಥಿಯಿಂದ ಮಾಡಿಸಿದರು. ನಮ್ಮ ಸಮಾರಂಭಗಳ ಆಹ್ವಾನ ಪತ್ರಿಕೆಗಳನ್ನು ನೋಡಿದರೆ ಅದೆಷ್ಟು ಅಪರೂಪವೆಂದು ನಿಮಗೇ ತಿಳಿದೀತು!

1937ರ ಅಕ್ಟೋಬರ್‌ನಲ್ಲಿ ಗಾಂಧೀಜಿ ವಾರ್ಧಾದಲ್ಲಿ ಶಿಕ್ಷಣ ಸಮ್ಮೇಳನ ಕರೆದರು. ಏಳು ವರ್ಷಗಳ ಕಡ್ಡಾಯ ಶಿಕ್ಷಣ, ಮಾತೃಭಾಷೆಯಲ್ಲಿ, ಒಂದು ಕೈಕಸುಬಿನ ಮೂಲಕ. ಮಕ್ಕಳು ತಯಾರಿಸಿದ ವಸ್ತುಗಳಿಂದಲೇ ಶಿಕ್ಷಕರ ಸಂಬಳ ಹುಟ್ಟಬೇಕು ಎಂಬುದು ಗಾಂಧೀಜಿಯವರ ಆಸೆ. ಝಾಕಿರ್ ಸಾಹೇಬರು ಅವರೆದುರೇ ತಮ್ಮ ಸಂದೇಹಗಳನ್ನು ಹೇಳಿದರು. ಆದರೂ ಪಠ್ಯಕ್ರಮ ರೂಪಿಸುವ ಸಮಿತಿಗೆ ಅವರನ್ನೇ ಅಧ್ಯಕ್ಷರನ್ನಾಗಿ ಮಾಡಲಾಯಿತು. ಡಿಸೆಂಬರ್‌ನಲ್ಲಿ ವರದಿ ಸಿದ್ಧ.

ಆ ವರದಿಯನ್ನು ನೀವು ಒಮ್ಮೆ ಓದಬೇಕು. ದಿನದ ಐದೂವರೆ ಗಂಟೆಗಳಲ್ಲಿ ಕಸುಬಿಗೆ 3 ಗಂಟೆ 20 ನಿಮಿಷ ಇಟ್ಟದ್ದು ಹೆಚ್ಚಾಯಿತೆಂದು ನನಗೂ ಅನಿಸುತ್ತದೆ. ಆದರೆ ಗುರಿಗಳನ್ನು ಬರೆದ ರೀತಿ ನೋಡಿ. ಮಗುವಿಗೆ ಮಾತೃಭಾಷೆ ಚೆನ್ನಾಗಿ ಬರಬೇಕು ಎಂದು ಒಂದೇ ಮಾತಿನಲ್ಲಿ ಮುಗಿಸಿಲ್ಲ. ದಿನನಿತ್ಯದ ವಿಷಯದ ಬಗ್ಗೆ ಸಂಕೋಚವಿಲ್ಲದೆ ಮಾತಾಡಬೇಕು, ಮೌನವಾಗಿ ಓದಿ ಅರ್ಥ ಮಾಡಿಕೊಳ್ಳಬೇಕು, ಸ್ಪಷ್ಟ ಅಕ್ಷರದಲ್ಲಿ ಸಾಕಷ್ಟು ವೇಗವಾಗಿ ಬರೆಯಬೇಕು, ಸ್ವಂತ ಪತ್ರವನ್ನೂ ವ್ಯವಹಾರದ ಪತ್ರವನ್ನೂ ಬರೆಯಬೇಕು. ಮಗು ಏನು ಮಾಡಿ ತೋರಿಸಬೇಕೆಂದು ಇಷ್ಟು ಬಿಡಿಸಿ ಹೇಳಿದರೆ, ಕಲಿತಿದೆಯೋ ಇಲ್ಲವೋ ಎಂಬುದು ಶಿಕ್ಷಕರಿಗೆ ಅಲ್ಲೇ ಗೊತ್ತಾಗುತ್ತದೆ. ಪತ್ರ ಬರೆಸಿ ನೋಡಿದರೆ ಸಾಕು. ಪತ್ರಲೇಖನದ ನಿಯಮಗಳನ್ನು ಬಾಯಿಪಾಠ ಒಪ್ಪಿಸಬೇಕಾಗಿಲ್ಲ.

ಪರೀಕ್ಷೆಗಳ ಬಗ್ಗೆ ಸಮಿತಿ ಕಟುವಾಗಿಯೇ ಬರೆಯಿತು. ಆಗಿನ ಪದ್ಧತಿ ಶಿಕ್ಷಣಕ್ಕೆ ಶಾಪವಾಗಿದೆ ಎಂಬುದು ಅದರ ನಿಲುವು. ಆಯ್ದ ಕೆಲವು ಮಕ್ಕಳ ಸಾಧನೆಯನ್ನು ಅಳೆದು ಶಾಲೆಯ ಕೆಲಸವನ್ನು ತೂಗಬೇಕು; ತರಗತಿ ದಾಟಿಸುವ ತೀರ್ಮಾನ ಮಗುವಿನ ಕೆಲಸದ ದಾಖಲೆ ಇಟ್ಟುಕೊಂಡ ಶಿಕ್ಷಕರದ್ದೇ ಆಗಿರಬೇಕು ಎಂದಿತು. ಇನ್ನೊಂದು ಎಚ್ಚರಿಕೆಯೂ ಅಲ್ಲಿತ್ತು: ಹಣದ ಲೆಕ್ಕವೇ ಮುಂದಾದರೆ ಶಿಕ್ಷಕರು ಮಕ್ಕಳಿಂದ ಆದಷ್ಟು ದುಡಿಮೆ ತೆಗೆಯುವವರಾಗಿ ಬಿಡುತ್ತಾರೆ.

ಯೋಜನೆಗೆ ವಿರೋಧ ಬಂತು, ಮುಸ್ಲಿಂ ಲೀಗ್‌ನಿಂದಲೂ. ಮುಂದೆ ಎಷ್ಟೋ ಶಾಲೆಗಳಲ್ಲಿ ತಕಲಿಯಷ್ಟೇ ಉಳಿದು, ಗುರಿಗಳು ಕಾಗದದಲ್ಲೇ ಉಳಿದವು. ಆ ಕೊರಗು ಝಾಕಿರ್ ಸಾಹೇಬರಿಗೂ ಇತ್ತು.

1948ರವರೆಗೆ ಜಾಮಿಯಾ, ಬಳಿಕ ಅಲಿಗಢದ ಕುಲಪತಿ, ಬಿಹಾರದ ರಾಜ್ಯಪಾಲ, ಉಪರಾಷ್ಟ್ರಪತಿ, 1967ರಲ್ಲಿ ರಾಷ್ಟ್ರಪತಿ. 1969ರ ಮೇ 3ರಂದು ಅಧಿಕಾರದಲ್ಲಿರುವಾಗಲೇ ನಿಧನರಾದರು. ಅವರನ್ನು ದಫನ ಮಾಡಿದ್ದು ಜಾಮಿಯಾದ ಆವರಣದಲ್ಲಿ.