ಸರ್ ಎಂ.ವಿ. ಮತ್ತು ಗಡಿ ದಾಟುವ ಡಿಗ್ರಿ



ಊರಿನ ಸಿವಿಲ್ ಡಿಗ್ರಿ ಹಿಡಿದು ನ್ಯೂಜೆರ್ಸಿಗೆ ಬಂದು ಪಿ.ಇ. ಲೈಸೆನ್ಸಿಗೆ ಅರ್ಜಿ ಹಾಕುವವರ ಪಾಡು ನಮಗೆಲ್ಲ ಗೊತ್ತು. ಪರೀಕ್ಷೆಗಳ ಜೊತೆಗೆ ಡಿಗ್ರಿಯ ಮೌಲ್ಯಮಾಪನವೂ ಆಗಬೇಕು. 2014ರಲ್ಲಿ ಭಾರತ ವಾಷಿಂಗ್ಟನ್ ಒಪ್ಪಂದದ ಪೂರ್ಣ ಸದಸ್ಯನಾಯಿತು ನಿಜ, ಆದರೆ ಅದಕ್ಕೂ ಬಹಳ ಹಿಂದೆ ಓದಿದವರಿಗೆ ಅದರಿಂದ ಪ್ರಯೋಜನ ಇಲ್ಲ. (ನಮ್ಮಂಥ ಸಾಫ್ಟ್‌ವೇರಿನವರಿಗೆ ಈ ತಾಪತ್ರಯ ಇಲ್ಲ ಬಿಡಿ!)

ಸರ್ ಎಂ. ವಿಶ್ವೇಶ್ವರಯ್ಯನವರದೂ ಒಂದು ರೀತಿಯಲ್ಲಿ ಇದೇ ಕಥೆ. 1861ರಲ್ಲಿ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಅವರು ಬೆಂಗಳೂರಿನಲ್ಲಿ ಮನೆಪಾಠ ಹೇಳಿಕೊಂಡು ಬಿ.ಎ. ಮುಗಿಸಿದರು. ಆಗ ಮೈಸೂರು ಸಂಸ್ಥಾನದಲ್ಲಿ ಎಂಜಿನಿಯರಿಂಗ್ ಕಾಲೇಜೇ ಇರಲಿಲ್ಲ. ಸಂಸ್ಥಾನದ ವಿದ್ಯಾರ್ಥಿವೇತನದಲ್ಲಿ ಪುಣೆಗೆ ಹೋಗಿ, 1883ರ ಎಲ್.ಸಿ.ಇ. ಪರೀಕ್ಷೆಯಲ್ಲಿ ಮೊದಲಿಗರಾದರು. ಮುಂದಿನ ವರ್ಷ ಮುಂಬಯಿ ಸರ್ಕಾರದ ಕೆಲಸ. ಸಿಂಧ್‌ನ ಸುಕ್ಕೂರಿಗೆ ಕುಡಿಯುವ ನೀರು, ಖಡಕ್‌ವಾಸ್ಲಾ ಅಣೆಕಟ್ಟಿಗೆ ತಾನಾಗಿ ತೆರೆಯುವ ಬಾಗಿಲು, ಸಮುದ್ರದಾಚೆ ಏಡನ್ನಿಗೂ ನೀರು ಮತ್ತು ಒಳಚರಂಡಿಯ ಯೋಜನೆ. ಅವರ ವಿದ್ಯೆ ಎಲ್ಲ ಕಡೆ ನಡೆಯಿತು. ಚೀಫ್ ಎಂಜಿನಿಯರ್ ಕುರ್ಚಿ ಮಾತ್ರ ಬಿಳಿಯರಿಗೇ ಮೀಸಲು. ನಲವತ್ತೇಳಕ್ಕೇ, 1908ರಲ್ಲಿ, ಆ ನೌಕರಿ ಬಿಟ್ಟರು.

ಮೂಸಿ ನದಿಯ ಪ್ರವಾಹದಿಂದ ನಲುಗಿದ್ದ ಹೈದರಾಬಾದ್ ಅವರನ್ನು ಕರೆಯಿತು. 1909ರಲ್ಲಿ ಮೈಸೂರು ಚೀಫ್ ಎಂಜಿನಿಯರ್ ಪದವಿಯನ್ನೇ ಕೊಟ್ಟಿತು. 1912ರಲ್ಲಿ ದಿವಾನರಾದರು. ಕನ್ನಂಬಾಡಿ ಕಟ್ಟೆಯ ಕಥೆ ಎಲ್ಲರಿಗೂ ಬಾಯಿಪಾಠ. ನಾವು ನೆನೆಯಬೇಕಾದದ್ದು 1917ರಲ್ಲಿ ಅವರು ಬೆಂಗಳೂರಿನಲ್ಲಿ ಶುರುಮಾಡಿಸಿದ ಎಂಜಿನಿಯರಿಂಗ್ ಕಾಲೇಜು. ಆಮೇಲೆ ಮೈಸೂರಿನ ಹುಡುಗರು ಓದಿಗಾಗಿ ಪುಣೆಗೆ ಹೋಗಲೇಬೇಕೆಂದಿರಲಿಲ್ಲ. 1955ರಲ್ಲಿ ಭಾರತರತ್ನ ಪಡೆದ ಸರ್ ಎಂ.ವಿ. 1962ರ ಏಪ್ರಿಲ್‌ನಲ್ಲಿ ತೀರಿಕೊಂಡರು. ಅವರ ಕಾಲೇಜು ಈಗ ಯು.ವಿ.ಸಿ.ಇ. ಎಂದು ಅವರದೇ ಹೆಸರಿನಲ್ಲಿದೆ.