ಅಬ್ಬಲೂರಿನ ಏಕಾಂತದ ರಾಮಯ್ಯ

ಏಕಾಂತದ ರಾಮಯ್ಯನ ಜೀವನವೃತ್ತಾಂತಕ್ಕೆ ಹರಿಹರನ ರಗಳೆಗಿಂತ ಹಿರೇಕೆರೂರು ತಾಲ್ಲೂಕಿನ ಅಬಲೂರಿನ ಸೋಮೇಶ್ವರ ದೇವಾಲಯದ ಶಾಸನವೇ (ಸು. ೧೨೦೦) ಪ್ರಧಾನ ಆಕರ. ಆಳಂದೆಯ ಪುರುಷೋತ್ತಮಭಟ್ಟ, ಪದ್ಮಾಂಬಿಕೆಯರ ಮಗನಾದ ಈತನು ಏಕಾಂತದಲ್ಲಿ ಶಿವಧ್ಯಾನನಿರತನಾಗಿದ್ದುದರಿಂದ ಆ ಹೆಸರು ಪಡೆದನು. ಹುಲಿಗೆರೆಯ ಸೋಮನಾಥನ ಸನ್ನಿಧಿಯಲ್ಲಿದ್ದು, ದೈವಾಜ್ಞೆಯಾಯಿತೆಂದು ಅಬ್ಬಲೂರಿಗೆ ಬಂದು ಬ್ರಹ್ಮೇಶ್ವರನ ಗುಡಿಯಲ್ಲಿ ನೆಲೆಸಿದನು.

ಅಲ್ಲಿ ಸಂಕಗಾವುಂಡನೇ ಮೊದಲಾದ ಜೈನರೊಡನೆ ವಾದ ಬೆಳೆದು ಓಲೆಯಲ್ಲಿ ಪಣ ಬರೆಯಲಾಯಿತು. ರಾಮಯ್ಯನು ತಲೆಯನ್ನರಿದು ಶಿವನಿಗೊಪ್ಪಿಸಿ ಮರಳಿ ಪಡೆದರೆ ಜೈನರು ಜಿನಬಿಂಬವನ್ನು ತೆಗೆದು ಶಿವನನ್ನು ಪ್ರತಿಷ್ಠಿಸತಕ್ಕದ್ದು. ಏಳು ದಿನಗಳ ಮೇಲೆ ತಲೆ ಮತ್ತೆ ಕೂಡಿತೆನ್ನುತ್ತದೆ ಶಾಸನ. ಜೈನರು ಒಪ್ಪದಿರಲು ರಾಮಯ್ಯನೇ ಬಿಂಬವನ್ನೊಡೆದನು.

ದೇವಾಲಯದ ಶಿಲ್ಪಫಲಕಗಳಲ್ಲಿ ಈ ವೃತ್ತಾಂತ ಮೂಡಿದೆ. ಅವುಗಳೊಡನಿರುವ ಒಂದು ಕಿರುಬರಹವನ್ನು ವಿಶೇಷವಾಗಿ ಗಮನಿಸಬೇಕು. ಸಂಕಗಾವುಂಡನು ಆಳುಕುದುರೆಗಳನ್ನೊಡ್ಡಿ ಬಸದಿಗೆ ಕಾವಲು ನಿಂತನೆಂದೂ ರಾಮಯ್ಯನು ಕಾದಿ ಗೆದ್ದನೆಂದೂ ಅದು ತಿಳಿಸುತ್ತದೆ. ಪವಾಡವನ್ನಷ್ಟೇ ಹಿಡಿದ ಚರಿತ್ರೆಕಾರರು ಈ ಕಾಳಗವನ್ನು ಹಗುರವಾಗಿ ಕಂಡಿದ್ದಾರೆ. ಸಂಕಗಾವುಂಡನ ನಿಲುವಾದರೋ ನಮಗೆ ದೊರೆಯುವುದು ಗೆದ್ದವರು ಕೊರೆಯಿಸಿದ ಕಲ್ಲಿನಲ್ಲಿಯೇ.

ದೂರು ಬಿಜ್ಜಳನವರೆಗೆ ಹೋಯಿತು. ರಾಮಯ್ಯನು ಓಲೆಯನ್ನು ಮುಂದಿಟ್ಟು ಮತ್ತೊಮ್ಮೆ ಪಣಕ್ಕೆ ಸಿದ್ಧನೆಂದನು, ಜೈನರು ಹಿಂಜರಿದರು, ದೊರೆ ಜಯಪತ್ರವಿತ್ತನು. ರಾಮಯ್ಯನು ಕಟ್ಟಿಸಿದ ವೀರಸೋಮನಾಥ ದೇವಾಲಯಕ್ಕೆ ಬಿಜ್ಜಳನೂ ಬಳಿಕ ಚಾಲುಕ್ಯ ನಾಲ್ವಡಿ ಸೋಮೇಶ್ವರನೂ ದತ್ತಿ ಬಿಟ್ಟರು. ಹಾನಗಲ್ಲಿನ ಕದಂಬ ಕಾಮದೇವನು ಮಲ್ಲವಳ್ಳಿ ಗ್ರಾಮವನ್ನು ಕೊಟ್ಟನು.